ಕಡಿಮೆ ಕಾಸಿನಲ್ಲಿ ಗೇಮಿಂಗ್ ಕಂಪ್ಯೂಟರ್: ಎಎಂಡಿಯೋ, ಇಂಟೆಲ್ಲೋ?

ಬೆಂಗಳೂರು: ‘ತಮ್ಮಾ, ಹುಡುಗ ಒಂದು ತಿಂಗಳಿಂದ ಬೆನ್ನು ಬಿದ್ದಾನೆ. ಐ7 ಅಂತೆ, ಹದಿನಾರು ಜಿಬಿ ಅಂತೆ, ಇಪ್ಪತ್ತೆಂಟು ಸಾವಿರಕ್ಕೆ ಕೊಡ್ತಾರಂತೆ. ತಗೊಳ್ಳೋದೋ ಬ್ಯಾಡೋ?’

2025ರ ಜೂನ್ ತಿಂಗಳ ಒಂದು ಸಂಜೆ ದಾವಣಗೆರೆಯಿಂದ ಅಕ್ಕ ದೂರವಾಣಿಯಲ್ಲಿ ಕೇಳಿದ ಪ್ರಶ್ನೆಯಿದು. ಸುದ್ದಿಮನೆಯಲ್ಲಿ ಕೊನೆಯ ಪುಟದ ಗಡಿಬಿಡಿ. ‘ಐ7 ಅಂದಮೇಲೆ ಚೆನ್ನಾಗಿಯೇ ಇರುತ್ತೆ ಬಿಡಕ್ಕ, ತಗೊಳ್ಳಿ’ ಎಂದುಬಿಟ್ಟೆ. ಚೀಟಿ ಎತ್ತಿದ ಹಣದಲ್ಲಿ ಕಂಪ್ಯೂಟರ್ ಮನೆಗೆ ಬಂತು. ಒಂದು ವಾರದ ನಂತರ ಅಕ್ಕನ ಮಗನ ಕರೆ ಬಂತು: ‘ಮಾಮ, ಆಟ ಓಡೋದಿಲ್ಲ. ಮದುವೆ ಆಲ್ಬಮ್ ತಿರುವಿ ಹಾಕಿದ ಹಾಗೆ ಒಂದೊಂದೇ ಚಿತ್ರ ಬರ್ತದೆ. ವಿಂಡೋಸ್ 11 ಹಾಕೋಕೆ ಹೋದರೆ ಈ ಪ್ರೊಸೆಸರ್ ನಡೆಯೋಲ್ಲ ಅಂತದೆ.’

ಪೆಟ್ಟಿಗೆ ಬಿಚ್ಚಿ ಕಳುಹಿಸಿದ ಛಾಯಾಚಿತ್ರಗಳನ್ನು ನೋಡಿದಾಗ ಸಂಗತಿ ಅರ್ಥವಾಯಿತು. ಅಂಗಡಿಯವರು ಸುಳ್ಳು ಹೇಳಿರಲಿಲ್ಲ. ಅದು ನಿಜಕ್ಕೂ ಐ7. ಆದರೆ 2011ರಲ್ಲಿ ಬಿಡುಗಡೆಯಾದ ಐ7-2600! ಹಳೆಯ ಕಚೇರಿ ಕಂಪ್ಯೂಟರಿನಿಂದ ಕಿತ್ತ ಪ್ರೊಸೆಸರು, ಅದನ್ನು ಕೂರಿಸಲೆಂದೇ ಹೆಸರಿಲ್ಲದ ತಯಾರಕರು ಇಂದಿಗೂ ಅಗ್ಗವಾಗಿ ತಯಾರಿಸುವ ‘ಹೊಸ’ ಎಚ್61 ಮದರ್‌ಬೋರ್ಡು, ಜೊತೆಗೆ 2014ರ ಕಾಲದ ಜಿಟಿ 730 ಗ್ರಾಫಿಕ್ಸ್ ಕಾರ್ಡು. ಹೊರಗೆ ಮಾತ್ರ ಗಾಜಿನ ಪೆಟ್ಟಿಗೆ, ಒಳಗೆ ಬಣ್ಣಬಣ್ಣದ ದೀಪ.

ಇಂತಹ ಯಂತ್ರಗಳು ರಾಜ್ಯದ ಎಲ್ಲ ಊರುಗಳಲ್ಲೂ ಮಾರಾಟವಾಗುತ್ತಿವೆ. ಆದ್ದರಿಂದ ನನ್ನ ತಪ್ಪಿನ ಪ್ರಾಯಶ್ಚಿತ್ತದ ರೂಪದಲ್ಲಿ, ಮಿತ ಹಣದಲ್ಲಿ ಆಟದ ಕಂಪ್ಯೂಟರ್ ಕಟ್ಟಬಯಸುವವರು ತಿಳಿಯಬೇಕಾದ ಮೂಲ ವಿಷಯವನ್ನು ಇಲ್ಲಿ ವಿವರಿಸಲಾಗಿದೆ. ಕೊಳ್ಳುವವರು ಆರಿಸಬೇಕಾದದ್ದು ಬರಿಯ ಪ್ರೊಸೆಸರನ್ನಲ್ಲ, ಪ್ಲಾಟ್‌ಫಾರ್ಮನ್ನು.

ಪ್ಲಾಟ್‌ಫಾರ್ಮ್ ಎಂದರೇನು?

ಪ್ರೊಸೆಸರು ಕೂರುವ ಚೌಕಾಕಾರದ ಜಾಗಕ್ಕೆ ಸಾಕೆಟ್ ಎನ್ನುತ್ತಾರೆ. ಸಾಕೆಟ್ ಯಾವುದೆಂಬುದರ ಮೇಲೆ ಮದರ್‌ಬೋರ್ಡು ನಿರ್ಧಾರವಾಗುತ್ತದೆ. ಮದರ್‌ಬೋರ್ಡಿನ ಮೇಲೆ ರ‍್ಯಾಮ್ ಡಿಡಿಆರ್4 ಇರಬೇಕೋ ಡಿಡಿಆರ್5 ಇರಬೇಕೋ ಎಂಬುದು ನಿರ್ಧಾರವಾಗುತ್ತದೆ. ಇವೆರಡು ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಸೀಳುಗಂಡಿಯೇ ಬೇರೆ ಬೇರೆ ಕಡೆ ಇದೆ. ಹೀಗೆ ಪ್ರೊಸೆಸರು, ಮದರ್‌ಬೋರ್ಡು, ರ‍್ಯಾಮ್ ಈ ಮೂರೂ ಒಂದೇ ಗಂಟು. ಅದೇ ಪ್ಲಾಟ್‌ಫಾರ್ಮ್.

ಅಂಗಡಿಗೆ ಹೋದವರು ಸಾಮಾನ್ಯವಾಗಿ ಎರಡು ಪ್ರೊಸೆಸರುಗಳ ಬೆಲೆಯನ್ನು ಮಾತ್ರ ಹೋಲಿಸುತ್ತಾರೆ. ಸಾವಿರ ರೂಪಾಯಿ ಅಗ್ಗವಾದ ಪ್ರೊಸೆಸರು ನಾಲ್ಕು ಸಾವಿರ ದುಬಾರಿಯಾದ ಮದರ್‌ಬೋರ್ಡನ್ನು ಬೇಡಬಹುದೆಂಬುದು ಬಿಲ್ ಕೈಗೆ ಬಂದಾಗಲೇ ಹೊಳೆಯುವುದು. ಮೂರರ ಮೊತ್ತವನ್ನು ಹೋಲಿಸಬೇಕು. ಕಾಗದದ ಮೇಲೆ ಗೀಟು ಎಳೆದು, ಒಂದೊಂದು ಪ್ಲಾಟ್‌ಫಾರ್ಮಿಗೂ ಈ ಮೂರರ ಒಟ್ಟು ಬೆಲೆ ಬರೆದುಕೊಂಡರೆ ಅರ್ಧ ಗೊಂದಲ ಅಲ್ಲಿಗೇ ಮುಗಿಯುತ್ತದೆ.

ಇನ್ನು ಹೆಸರು ಓದುವ ಬಗೆ. ಐ3, ಐ5, ಐ7 ಎಂಬುವು ಆಯಾ ಪೀಳಿಗೆಯೊಳಗಿನ ದರ್ಜೆಗಳೇ ಹೊರತು ಪೀಳಿಗೆಗಳ ನಡುವಣ ಅಳತೆಗೋಲಲ್ಲ. ಐ7-2600 ಎಂಬುದರಲ್ಲಿ ಗೀಟಿನ ನಂತರದ 2 ಎಂದರೆ ಎರಡನೆಯ ಪೀಳಿಗೆ. ಐ5-12400ಎಫ್ ಎಂಬುದರಲ್ಲಿ 12 ಎಂದರೆ ಹನ್ನೆರಡನೆಯದು. ಕೊನೆಯ ‘ಎಫ್’ ಎಂದರೆ ಪ್ರೊಸೆಸರಿನೊಳಗೆ ಚಿತ್ರ ಮೂಡಿಸುವ ಭಾಗವಿಲ್ಲ, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡು ಕಡ್ಡಾಯ ಎಂದರ್ಥ. 2011ರ ಐ7-2600 ಹಾಗೂ 2022ರ ಜನವರಿಯಲ್ಲಿ ಬಂದ ಐ3-12100ಎಫ್, ಎರಡರಲ್ಲೂ ನಾಲ್ಕು ಕೋರ್, ಎಂಟು ಥ್ರೆಡ್. ಆದರೂ ಈ ‘ಐ3’ ಆ ‘ಐ7’ ಅನ್ನು ಬಹುದೂರ ಹಿಂದಿಕ್ಕುತ್ತದೆ. ಹಳೆಯದಕ್ಕೆ ವೇಗದ ಕೊರತೆಯೊಂದೇ ಅಲ್ಲ, ಎವಿಎಕ್ಸ್2 ಎಂಬ ಆದೇಶಗುಚ್ಛವೂ ತಿಳಿಯದು. ಇಂಟೆಲ್ಲಿನಲ್ಲಿ ಅದು ಬಂದದ್ದು 2013ರ ನಾಲ್ಕನೆಯ ಪೀಳಿಗೆಯಿಂದ. ಹೊಸ ಆಟಗಳಲ್ಲಿ ಕೆಲವು ಅದಿಲ್ಲದೆ ತೆರೆದುಕೊಳ್ಳುವುದೇ ಇಲ್ಲ.

ವಿಂಡೋಸ್ 11ರ ಅಧಿಕೃತ ಪಟ್ಟಿ ಇಂಟೆಲ್ಲಿನ ಎಂಟನೆಯ ಪೀಳಿಗೆ ಮತ್ತು ಎಎಂಡಿಯ ರೈಜೆನ್ 2000 ಸರಣಿಯ ಆಸುಪಾಸಿನಿಂದ ಆರಂಭವಾಗುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. 2025ರ ಅಕ್ಟೋಬರಿನಲ್ಲಿ ಬಂದ ಬ್ಯಾಟಲ್‌ಫೀಲ್ಡ್ 6ರಂತಹ ಆಟಗಳು ಮೋಸದಾಟ ತಡೆಯಲೆಂದು ಸೆಕ್ಯೂರ್ ಬೂಟ್, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಗಳನ್ನು ಕೇಳುತ್ತವೆ. ಎಚ್61 ಬೋರ್ಡು ಕೊಳ್ಳುವವರು ಈ ಬಾಗಿಲುಗಳನ್ನೆಲ್ಲ ತಾವೇ ಮುಚ್ಚಿಕೊಂಡಂತೆ.

ಎತ್ತು ಏರಿಗೆ, ಕೋಣ ನೀರಿಗೆ

ಆಟದ ಪರದೆಯ ಮೇಲೆ ಕಾಣುವುದು ಒಂದರ ಹಿಂದೊಂದು ಓಡುವ ಚಿತ್ರಗಳು. ಸೆಕೆಂಡಿಗೆ 60 ಚಿತ್ರ ಬೇಕೆಂದರೆ ಒಂದು ಚಿತ್ರ ಸಿದ್ಧಪಡಿಸಲು ಸಿಗುವ ಕಾಲ ಸುಮಾರು 16.7 ಮಿಲಿಸೆಕೆಂಡ್. 144 ಚಿತ್ರ ಬೇಕೆಂದರೆ 7 ಮಿಲಿಸೆಕೆಂಡಿಗೂ ಕಡಿಮೆ. ಈ ಅಲ್ಪಾವಧಿಯಲ್ಲಿ ಪ್ರೊಸೆಸರು ಎದುರಾಳಿ ಎಲ್ಲಿದ್ದಾನೆ, ಗುಂಡು ಯಾರಿಗೆ ತಗುಲಿತು, ಗೋಡೆ ಹೇಗೆ ಬಿತ್ತು ಎಂಬುದನ್ನೆಲ್ಲ ಲೆಕ್ಕ ಹಾಕಿ, ಏನೇನು ಬಿಡಿಸಬೇಕೆಂಬ ಪಟ್ಟಿಯನ್ನು ಗ್ರಾಫಿಕ್ಸ್ ಕಾರ್ಡಿಗೆ ಒಪ್ಪಿಸುತ್ತದೆ. ಬಿಡಿಸುವ ಕೆಲಸ ಕಾರ್ಡಿನದು.

ಇಬ್ಬರಲ್ಲಿ ಯಾರು ನಿಧಾನವೋ ಆಟ ಅವರ ನಡಿಗೆಯಲ್ಲೇ ಸಾಗುತ್ತದೆ. ವ್ಯಾಲರಂಟ್, ಕೌಂಟರ್ ಸ್ಟ್ರೈಕ್ 2ರಂತಹ ಆಟಗಳಲ್ಲಿ ಚಿತ್ರ ಸರಳ, ವೇಗ ಮುಖ್ಯ. ಇಲ್ಲಿ ಪ್ರೊಸೆಸರಿನ ಮೇಲೆ ಭಾರ ಹೆಚ್ಚು. ಸೈಬರ್‌ಪಂಕ್ 2077ರಂತಹ ಆಟಗಳಲ್ಲಿ ಚಿತ್ರವೇ ಭಾರ. ಇಲ್ಲಿ ಕಾರ್ಡಿಗೆ ಬೆವರಿಳಿಯುತ್ತದೆ. ಭಾರಿ ಪ್ರೊಸೆಸರಿಗೆ ಬಡಕಲು ಕಾರ್ಡು ಅಥವಾ ಭಾರಿ ಕಾರ್ಡಿಗೆ ಬಡಕಲು ಪ್ರೊಸೆಸರು ಜೋಡಿಸಿದರೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದಂತೆಯೇ ಸರಿ. ಹಣ ಮಿತವಾಗಿದ್ದಾಗ ಒಟ್ಟು ವೆಚ್ಚದ ದೊಡ್ಡ ಪಾಲು ಕಾರ್ಡಿಗೆ ಹೋಗಬೇಕು. ಪ್ಲಾಟ್‌ಫಾರ್ಮಿನ ಆಯ್ಕೆಯನ್ನು ಈ ಕಣ್ಣಿನಿಂದಲೇ ನೋಡಬೇಕಾಗುತ್ತದೆ.

ಮುದುಕನಾದರೂ ಗಟ್ಟಿಗ: ಎಎಂ4

ಎಎಂಡಿ ಸಂಸ್ಥೆಯ ಎಎಂ4 ಸಾಕೆಟ್ 2016ರಲ್ಲಿ ಕಾಣಿಸಿಕೊಂಡಿತು. 2017ರ ಮಾರ್ಚ್‌ನಲ್ಲಿ ಮೊದಲ ರೈಜೆನ್ ಬಂದಾಗ ಅದು ಜನಪ್ರಿಯವಾಯಿತು. ಕಂಪ್ಯೂಟರ್ ಲೋಕದಲ್ಲಿ ಒಂದು ಸಾಕೆಟ್ ಎರಡು ಪೀಳಿಗೆ ಬಾಳಿದರೆ ದೊಡ್ಡದು. ಇದು ಆ ರೂಢಿಯನ್ನೇ ಮುರಿಯಿತು.

ಹಾಗೆಂದು ಎಲ್ಲವೂ ಸಲೀಸಾಗಿ ನಡೆಯಲಿಲ್ಲ. 2020ರ ಮೇ ತಿಂಗಳಲ್ಲಿ ಎಎಂಡಿ, ಮುಂಬರುವ ರೈಜೆನ್ 5000 ಸರಣಿಯು ಬಿ450, ಎಕ್ಸ್470 ಬೋರ್ಡುಗಳಲ್ಲಿ ನಡೆಯದು ಎಂದಿತ್ತು. ಗ್ರಾಹಕರು ರೇಗಿದರು. ಕೆಲವೇ ದಿನಗಳಲ್ಲಿ ಸಂಸ್ಥೆ ಮಾತು ಹಿಂತೆಗೆದುಕೊಂಡಿತು. 2022ರಲ್ಲಿ ಇನ್ನೂ ಹಳೆಯ 300 ಸರಣಿಯ ಬೋರ್ಡುಗಳಿಗೂ ಅವಕಾಶ ಸಿಕ್ಕಿತು. ಹೀಗಾಗಿ 2017ರಲ್ಲಿ ಬೋರ್ಡು ಕೊಂಡವರು, ಅದರ ಬಯಾಸ್ ನವೀಕರಿಸಿ, 2022ರ ಏಪ್ರಿಲ್‌ನಲ್ಲಿ ಬಂದ ರೈಜೆನ್ 7 5800ಎಕ್ಸ್3ಡಿಯನ್ನು ಕೂರಿಸಬಹುದಾಯಿತು. ಐದು ವರ್ಷ ಹಳೆಯ ಬೋರ್ಡಿನ ಮೇಲೆ ಆ ಹೊತ್ತಿನ ಅತಿವೇಗದ ಆಟದ ಪ್ರೊಸೆಸರುಗಳಲ್ಲೊಂದು! ಮಧ್ಯಮ ವರ್ಗದ ಮನೆಗಳಿಗೆ ಇದಕ್ಕಿಂತ ದೊಡ್ಡ ಉಪಕಾರವನ್ನು ಪ್ರೊಸೆಸರ್ ಸಂಸ್ಥೆಯೊಂದು ಮಾಡಿದ್ದು ನನಗೆ ಕಾಣದು, ಅದೂ ಗ್ರಾಹಕರು ಕಿವಿ ಹಿಂಡಿದ ಮೇಲೆ.

ಬಡ ಜೇಬಿನವರ ಪಾಲಿಗೆ ಇಲ್ಲಿನ ಮುಖ್ಯ ಹೆಸರು ರೈಜೆನ್ 5 5600. ಆರು ಕೋರ್, ಹನ್ನೆರಡು ಥ್ರೆಡ್, 4.4 ಗಿಗಾಹರ್ಟ್ಸ್‌ವರೆಗಿನ ವೇಗ, 32 ಎಂಬಿ ಎಲ್3 ಕ್ಯಾಶ್. 2022ರ ಏಪ್ರಿಲ್‌ನಲ್ಲಿ ಇದು ಬಂದಾಗ ಬೆಲೆ 199 ಡಾಲರ್ ಇತ್ತು. ನಂತರ ಬಹಳಷ್ಟು ಇಳಿಯಿತು. ಡಬ್ಬಿಯಲ್ಲೇ ಫ್ಯಾನ್ ಬರುತ್ತದೆ. ವಿದ್ಯುತ್ ಬಳಕೆಯ ಮಿತಿ 76 ವ್ಯಾಟ್, ಬಿಸಿಯೂ ಕಡಿಮೆ.

ಆದರೆ ಇದರ ಅಕ್ಕಪಕ್ಕದಲ್ಲೇ ಬಲೆ ಇದೆ. ರೈಜೆನ್ 5 5500 ಮತ್ತು 5600ಜಿ ಎಂಬ ಇಬ್ಬರು ದಾಯಾದಿಗಳನ್ನು ‘ಎಲ್ಲಾ ಒಂದೇ ಸಾರ್’ ಎಂದು ಕೊಡುವವರಿದ್ದಾರೆ. ಒಂದೇ ಅಲ್ಲ. ಇವುಗಳ ಎಲ್3 ಕ್ಯಾಶ್ 16 ಎಂಬಿ ಮಾತ್ರ. ಕ್ಯಾಶ್ ಎಂದರೆ ಅಡುಗೆಮನೆಯ ಸಾಂಬಾರ ಪೆಟ್ಟಿಗೆ ಇದ್ದಂತೆ: ಬೇಕಾದದ್ದು ಕೈಗೆಟುಕಿದರೆ ಒಗ್ಗರಣೆ ಸೀಯುವುದಿಲ್ಲ, ಪ್ರತಿ ಸಲ ಉಗ್ರಾಣಕ್ಕೆ ಓಡಬೇಕಾದರೆ ಸೀಯುತ್ತದೆ. ಆಟಗಳಿಗೆ ಈ ಪೆಟ್ಟಿಗೆ ದೊಡ್ಡದಿದ್ದಷ್ಟೂ ಲಾಭ. 5800ಎಕ್ಸ್3ಡಿಯ ಗುಟ್ಟೂ ಅದೇ, ಅದರಲ್ಲಿ 96 ಎಂಬಿ ಇತ್ತು. ಎರಡನೆಯದಾಗಿ, ಈ ದಾಯಾದಿಗಳು ಗ್ರಾಫಿಕ್ಸ್ ಕಾರ್ಡಿನೊಡನೆ ಪಿಸಿಐಇ 3.0 ವೇಗದಲ್ಲಷ್ಟೇ ಮಾತಾಡುತ್ತವೆ. 5600ರದ್ದು ಅದರ ದುಪ್ಪಟ್ಟು ವೇಗದ 4.0.

ಇದೇಕೆ ಮುಖ್ಯ? ಅಗ್ಗದ ಕಾರ್ಡುಗಳಲ್ಲಿ ಅನೇಕವು 16 ಹಾದಿಗಳ ಬದಲು ಎಂಟನ್ನೇ ಬಳಸುತ್ತವೆ. ರೇಡಿಯಾನ್ ಆರ್‌ಎಕ್ಸ್ 6600, ಜಿಫೋರ್ಸ್ ಆರ್‌ಟಿಎಕ್ಸ್ 4060 ಇಂತಹವು. ಇವಕ್ಕೆ ಹಳೆಯ ವೇಗದಲ್ಲಿ ಆಗುವ ನಷ್ಟ ಹೆಚ್ಚಿನ ಆಟಗಳಲ್ಲಿ ಸಣ್ಣದು. ಆದರೆ 2022ರ ಜನವರಿಯಲ್ಲಿ ಬಂದ ಆರ್‌ಎಕ್ಸ್ 6500 ಎಕ್ಸ್‌ಟಿಗೆ ಇರುವುದು ನಾಲ್ಕೇ ಹಾದಿ, 4 ಜಿಬಿ ಸ್ಮರಣೆ. ಅದನ್ನು 5500 ಅಥವಾ ಎ520 ಬೋರ್ಡಿನೊಂದಿಗೆ ಜೋಡಿಸಿದರೆ ಕಾರ್ಡು ಕುಂಟುತ್ತದೆ. ಎ520 ಚಿಪ್‌ಸೆಟ್‌ನಲ್ಲಿ ಯಾವ ಪ್ರೊಸೆಸರ್ ಹಾಕಿದರೂ ಪಿಸಿಐಇ 3.0 ಮಾತ್ರ. ಬಿ550ರಲ್ಲಿ 4.0 ದೊರೆಯುತ್ತದೆ.

ಹಾಗೆಂದು 5600ಜಿಯನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಅದರೊಳಗೇ ಚಿತ್ರ ಮೂಡಿಸುವ ಭಾಗವಿದೆ. ಕಾರ್ಡಿಗೆ ಈಗ ಹಣವಿಲ್ಲ, ವ್ಯಾಲರಂಟ್ ಆಡಿಕೊಂಡು ಓದಿಕೊಂಡಿದ್ದರೆ ಸಾಕು, ಕಾರ್ಡನ್ನು ಮುಂದಿನ ವರ್ಷ ನೋಡೋಣ ಎನ್ನುವವರಿಗೆ ಅದು ಸಭ್ಯ ಆಯ್ಕೆ.

ಎಎಂ4ರ ಕೊರತೆಯೆಂದರೆ ಮುಂದಕ್ಕೆ ದಾರಿಯಿಲ್ಲ. ಎಕ್ಸ್3ಡಿ ಮಾದರಿಗಳು ಅಂಗಡಿಯಲ್ಲಿ ಹೊಸದಾಗಿ ಸಿಗುವುದು ದುರ್ಲಭವಾಗಿದೆ, ಬಳಸಿದವಕ್ಕೂ ಬೇಡಿಕೆ ಇರುವುದರಿಂದ ಅಗ್ಗವಲ್ಲ. ಇನ್ನೊಂದು ಸಣ್ಣ ಎಚ್ಚರಿಕೆ: ಇದರ ಸೂಜಿಗಳು ಪ್ರೊಸೆಸರಿನ ತಳದಲ್ಲೇ ಇವೆ, 1331 ಸೂಜಿಗಳು. ಹಳೆಯ ಫ್ಯಾನನ್ನು ನೇರವಾಗಿ ಎಳೆದರೆ ಒಣಗಿದ ಪೇಸ್ಟಿಗೆ ಅಂಟಿ ಪ್ರೊಸೆಸರೂ ಕಿತ್ತು ಬರುವುದುಂಟು. ಕಂಪ್ಯೂಟರನ್ನು ಸ್ವಲ್ಪ ಹೊತ್ತು ಓಡಿಸಿ ಬಿಸಿ ಮಾಡಿ, ಆರಿಸಿ, ಫ್ಯಾನನ್ನು ಮೆಲ್ಲಗೆ ಎಡಕ್ಕೆ ಬಲಕ್ಕೆ ತಿರುಗಿಸುತ್ತ ಬಿಡಿಸಬೇಕು.

ಇಂಟೆಲ್ಲಿನ ಉತ್ತರ

2021ರ ನವೆಂಬರ್‌ನಲ್ಲಿ ಹನ್ನೆರಡನೆಯ ಪೀಳಿಗೆಯೊಂದಿಗೆ ಬಂದ ಎಲ್‌ಜಿಎ 1700 ಸಾಕೆಟ್ ಇಂಟೆಲ್ಲಿನ ಮಾನ ಉಳಿಸಿತು. 13 ಮತ್ತು 14ನೆಯ ಪೀಳಿಗೆಗಳೂ ಇದರಲ್ಲೇ ಕೂರುತ್ತವೆ. ಇದರ ವಿಶೇಷವೆಂದರೆ ಡಿಡಿಆರ್4 ಬೋರ್ಡೂ ಉಂಟು, ಡಿಡಿಆರ್5 ಬೋರ್ಡೂ ಉಂಟು. ರ‍್ಯಾಮ್ ಬೆಲೆ ನೋಡಿಕೊಂಡು ಯಾವುದಾದರೂ ಆರಿಸಬಹುದು.

ಇಲ್ಲಿ 5600ಕ್ಕೆ ಸರಿಜೋಡಿ ಐ5-12400ಎಫ್: ಆರು ಕೋರ್, ಹನ್ನೆರಡು ಥ್ರೆಡ್, ವೇಗವೂ 4.4 ಗಿಗಾಹರ್ಟ್ಸ್. ಆಟಗಳಲ್ಲಿ ಇವೆರಡರ ನಡುವಿನ ಅಂತರ ಬರಿಗಣ್ಣಿಗೆ ಕಾಣುವಂತಹದಲ್ಲ. ಒಂದು ಆಟದಲ್ಲಿ ಇದು ಮುಂದೆ, ಇನ್ನೊಂದರಲ್ಲಿ ಅದು ಮುಂದೆ. ಇದರ ವಿದ್ಯುತ್ ಮಿತಿ 117 ವ್ಯಾಟ್‌ವರೆಗೆ ಏರುತ್ತದೆ. ಇನ್ನೂ ಕಡಿಮೆ ಹಣದವರಿಗೆ ಮೇಲೆ ಹೇಳಿದ ಐ3-12100ಎಫ್ ಇದೆ. ನಾಲ್ಕೇ ಕೋರ್ ಆದರೂ ಒಂದೊಂದೂ ಚುರುಕು. ಆಟದ ಜೊತೆ ಹಿಂದೆ ಹತ್ತು ಕಿಟಕಿ ತೆರೆದಿಡುವ ಅಭ್ಯಾಸದವರಿಗೆ, ಹೊಸ ಭಾರಿ ಆಟ ಆಡುವವರಿಗೆ ಅದು ಕೆಲವೆಡೆ ತಡವರಿಸುತ್ತದೆ.

ಬೋರ್ಡುಗಳಲ್ಲಿ ಎಚ್610 ಅತಿ ಅಗ್ಗ. ರ‍್ಯಾಮಿಗೆ ಎರಡೇ ಗಂಡಿ, ರ‍್ಯಾಮ್ ವೇಗ ಹೆಚ್ಚಿಸಲು ಅವಕಾಶವಿಲ್ಲ. ಬಿ660, ಬಿ760ರಲ್ಲಿ ಉಂಟು.

13 ಮತ್ತು 14ನೆಯ ಪೀಳಿಗೆಯ ಮೇಲ್ದರ್ಜೆಯ ಪ್ರೊಸೆಸರುಗಳನ್ನು ಬಳಸಿದ್ದು ಎಂದು ಅಗ್ಗಕ್ಕೆ ಕೊಡಲು ಬಂದರೆ ಎರಡು ಸಲ ಯೋಚಿಸಬೇಕು. ಇವು ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜು ಪಡೆದು ಕಾಲಕ್ರಮೇಣ ಕೆಡುತ್ತಿವೆ, ಆಟದ ನಡುವೆ ಕೈಕೊಡುತ್ತಿವೆ ಎಂಬುದನ್ನು 2024ರಲ್ಲಿ ಇಂಟೆಲ್ ಒಪ್ಪಿಕೊಂಡಿತು. ಬಯಾಸ್ ಮೂಲಕ ಪರಿಹಾರ ಬಂತು, ಡಬ್ಬಿಯ ಪ್ರೊಸೆಸರುಗಳ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಲಾಯಿತು. ಆದರೆ ಅದಾಗಲೇ ಹಾಳಾದ ಪ್ರೊಸೆಸರನ್ನು ಆ ಪರಿಹಾರ ಸರಿಪಡಿಸುವುದಿಲ್ಲ. 12ನೆಯ ಪೀಳಿಗೆಗೆ ಈ ತೊಂದರೆ ಇಲ್ಲ.

ಮುಂದಿನ ದಾರಿ ಇರುವವ: ಎಎಂ5

2022ರ ಸೆಪ್ಟೆಂಬರ್‌ನಲ್ಲಿ ರೈಜೆನ್ 7000 ಸರಣಿಯೊಂದಿಗೆ ಬಂದ ಎಎಂ5 ಡಿಡಿಆರ್5ಕ್ಕೆ ಮಾತ್ರ. ಇದರ ದೊಡ್ಡ ಆಕರ್ಷಣೆ ಭವಿಷ್ಯ. 2027 ಮತ್ತು ಅದರಾಚೆಗೂ ಈ ಸಾಕೆಟ್ ಮುಂದುವರಿಯುವುದೆಂದು ಎಎಂಡಿ 2024ರಲ್ಲಿ ಘೋಷಿಸಿದೆ. ಇಂದು ಆರು ಕೋರ್‌ನ ರೈಜೆನ್ 5 7600 ಅಥವಾ 7500ಎಫ್ ಹಾಕಿಕೊಂಡು, ನೌಕರಿ ಸಿಕ್ಕ ಮೇಲೆ ಅದೇ ಬೋರ್ಡಿಗೆ 7800ಎಕ್ಸ್3ಡಿಯನ್ನೋ 9800ಎಕ್ಸ್3ಡಿಯನ್ನೋ ಏರಿಸಬಹುದು.

ವೇಗದಲ್ಲೂ ಮುಂದು. ಅತಿಬಲಶಾಲಿ ಕಾರ್ಡಿನೊಂದಿಗೆ 1080ಪಿಯಲ್ಲಿ ಅಳೆದಾಗ 7600 ಪ್ರೊಸೆಸರು 5600ಕ್ಕಿಂತ ಸುಮಾರು ನಾಲ್ಕನೆಯ ಒಂದು ಪಾಲಿನಷ್ಟು ಮುಂದಿರುತ್ತದೆ. ಆದರೆ ಈ ‘ಅತಿಬಲಶಾಲಿ ಕಾರ್ಡಿನೊಂದಿಗೆ’ ಎಂಬ ಮಾತನ್ನು ಗಮನಿಸಬೇಕು. ಪರೀಕ್ಷಕರು ಬಳಸುವ ಆ ಕಾರ್ಡೊಂದರ ಬೆಲೆಗೆ ನಮ್ಮಲ್ಲಿ ಮೂರು ಇಡೀ ಕಂಪ್ಯೂಟರು ಬರುತ್ತವೆ. ಆರ್‌ಎಕ್ಸ್ 6600ರಂತಹ ಕಾರ್ಡು ಹಾಕಿದಾಗ ಭಾರಿ ಆಟಗಳಲ್ಲಿ ಈ ಅಂತರ ಬಹುಮಟ್ಟಿಗೆ ಮಾಯವಾಗುತ್ತದೆ, ಏಕೆಂದರೆ ಅಲ್ಲಿ ಓಟ ನಿಧಾನಿಸುವವನು ಕಾರ್ಡು. ಎಎಂ5ಕ್ಕೆ ತೆರುವ ಹೆಚ್ಚುವರಿ ಹಣಕ್ಕಾಗಿ ಕಾರ್ಡಿನಲ್ಲಿ ಒಂದು ಮೆಟ್ಟಿಲು ಇಳಿಯಬೇಕಾದರೆ, ಇವತ್ತಿನ ಆಟ ಇವತ್ತೇ ನಷ್ಟ. ಇಳಿಯಬೇಕಿಲ್ಲದಿದ್ದರೆ ಕಣ್ಣುಮುಚ್ಚಿ ಎಎಂ5 ತೆಗೆದುಕೊಳ್ಳಬಹುದೆಂಬುದು ನನ್ನ ಅಭಿಪ್ರಾಯ.

ಇಲ್ಲೂ ಒಬ್ಬ ದಾಯಾದಿ ಉಂಟು. 8400ಎಫ್ ಎಂಬ ಹೆಸರಿನಲ್ಲಿ 8 ಕಂಡು 7500ಎಫ್‌ಗಿಂತ ಹೊಸದು, ಮೇಲಿನದು ಎಂದು ಭಾವಿಸುವುದು ಸಹಜ. ಅದರ ಕ್ಯಾಶ್ ಅರ್ಧ, 16 ಎಂಬಿ.

ಎಎಂ5 ಕಟ್ಟಿ ಮೊದಲ ಸಲ ಗುಂಡಿ ಒತ್ತಿದಾಗ ಕೆಲವು ನಿಮಿಷ ಪರದೆ ಕಪ್ಪಾಗಿಯೇ ಇರುತ್ತದೆ. ಅದು ಕೆಟ್ಟಿದ್ದಲ್ಲ. ಬೋರ್ಡು ಹೊಸ ರ‍್ಯಾಮಿನ ಪರಿಚಯ ಮಾಡಿಕೊಳ್ಳುತ್ತಿರುತ್ತದೆ. ಗಾಬರಿಯಿಂದ ಕರೆಂಟು ತೆಗೆದು ಹಾಕಿ ಮಾಡಿದರೆ ಆ ಕೆಲಸ ಮತ್ತೆ ಮೊದಲಿನಿಂದ. ಕಾಫಿ ಕುಡಿದು ಬರುವುದು ಲೇಸು.

2024ರ ಅಕ್ಟೋಬರ್‌ನಲ್ಲಿ ಬಂದ ಇಂಟೆಲ್ಲಿನ ಎಲ್‌ಜಿಎ 1851 ಸಾಕೆಟ್ ಕೂಡ ಡಿಡಿಆರ್5ಕ್ಕೆ ಸೀಮಿತ. ಬಿಡುಗಡೆಯ ಹೊತ್ತಿನಲ್ಲಿ ಅದರ ಮೇಲ್ದರ್ಜೆಯ ಪ್ರೊಸೆಸರುಗಳೇ ಹಲವು ಆಟಗಳಲ್ಲಿ ಹಿಂದಿನ ಪೀಳಿಗೆಗಿಂತ ಹಿಂದೆ ಬಿದ್ದವು. ಆಟವೇ ಉದ್ದೇಶವಾದ ಮಿತವ್ಯಯಿಗಳು ಅತ್ತ ತಲೆ ಹಾಕುವ ಅಗತ್ಯ ಕಾಣದು.

ಅಂದಹಾಗೆ, ಈ ಎರಡೂ ಸಂಸ್ಥೆಗಳ ಕೆಲಸದಲ್ಲಿ ನಮ್ಮ ಊರಿನ ಕೈ ಇದೆ. 2008ರಲ್ಲಿ ಬಂದ ಇಂಟೆಲ್ಲಿನ ಆರು ಕೋರ್‌ಗಳ ಜಿಯಾನ್ 7400 ಸರ್ವರ್ ಪ್ರೊಸೆಸರಿನ ವಿನ್ಯಾಸ ನಡೆದದ್ದು ಬೆಂಗಳೂರಿನಲ್ಲಿ. ಎಎಂಡಿ ತನ್ನ ಅತಿದೊಡ್ಡ ವಿನ್ಯಾಸ ಕೇಂದ್ರವನ್ನು 2023ರ ನವೆಂಬರ್‌ನಲ್ಲಿ ಇದೇ ನಗರದಲ್ಲಿ ತೆರೆಯಿತು. ಇಷ್ಟಾದರೂ ಪ್ರೊಸೆಸರು ನಮ್ಮ ಅಂಗಡಿಗೆ ಬರುವಾಗ ವಿದೇಶದಿಂದಲೇ ಬಂದು, ಶೇ. 18 ಜಿಎಸ್‌ಟಿ ಹೊತ್ತಿರುತ್ತದೆ.

ರ‍್ಯಾಮ್ ತಂದ ಪೇಚು

2024ರವರೆಗೆ ಲೆಕ್ಕ ಸರಳವಿತ್ತು. ಡಿಡಿಆರ್5 ವರ್ಷದಿಂದ ವರ್ಷಕ್ಕೆ ಅಗ್ಗವಾಗುತ್ತಿತ್ತು, ಡಿಡಿಆರ್4 ಅದಕ್ಕಿಂತ ಅಗ್ಗವಿತ್ತು. 2025 ಎಲ್ಲವನ್ನೂ ತಲೆಕೆಳಗು ಮಾಡಿತು. ಮೊದಲು, ದೊಡ್ಡ ತಯಾರಕರು ಡಿಡಿಆರ್4 ಉತ್ಪಾದನೆ ಕಡಿತಗೊಳಿಸಲು ಮುಂದಾದುದರಿಂದ ಅದರ ಬೆಲೆ ಏರಿತು. ಬಳಿಕ, ವರ್ಷದ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳು ಸ್ಮರಣೆಯ ಚಿಪ್ಪುಗಳನ್ನು ಬಾಚಿಕೊಳ್ಳತೊಡಗಿದವು. ಎರಡೂ ಬಗೆಯ ರ‍್ಯಾಮ್ ಬೆಲೆ ಗಗನಕ್ಕೇರಿತು. 2025ರ ಡಿಸೆಂಬರ್‌ನಲ್ಲಿ ಮೈಕ್ರಾನ್ ಸಂಸ್ಥೆ, ಮನೆಬಳಕೆದಾರರಿಗೆ ಚಿರಪರಿಚಿತವಾದ ತನ್ನ ಕ್ರೂಷಿಯಲ್ ವ್ಯವಹಾರದಿಂದಲೇ ಹಿಂದೆ ಸರಿಯುವುದಾಗಿ ಪ್ರಕಟಿಸಿತು.

ಆದ್ದರಿಂದ ಆರು ತಿಂಗಳ ಹಿಂದಿನ ಯಾವ ಬೆಲೆಪಟ್ಟಿಯನ್ನೂ ನಂಬುವಂತಿಲ್ಲ, ಸ್ನೇಹಿತ ಕಳೆದ ವರ್ಷ ಕಟ್ಟಿದ ಕಂಪ್ಯೂಟರಿನ ಲೆಕ್ಕವೂ ಕೆಲಸಕ್ಕೆ ಬಾರದು. ಮೂರರ ಮೊತ್ತವನ್ನು ಕೊಳ್ಳುವ ದಿನವೇ ಹಾಕಬೇಕು. ಮನೆಯಲ್ಲಿ ಹಳೆಯ ಕಂಪ್ಯೂಟರಿನ ಡಿಡಿಆರ್4 ರ‍್ಯಾಮ್ ಇದ್ದವರ ಪಾಲಿಗೆ ತಕ್ಕಡಿ ಎಎಂ4 ಅಥವಾ ಎಲ್‌ಜಿಎ 1700ರ ಡಿಡಿಆರ್4 ಬೋರ್ಡಿನ ಕಡೆಗೆ ತಟ್ಟನೆ ವಾಲುತ್ತದೆ.

ಉಳಿತಾಯಕ್ಕೆಂದು ಒಂದೇ ಪಟ್ಟಿ ರ‍್ಯಾಮ್ ಕೊಳ್ಳುವುದು ಸಾಮಾನ್ಯ ತಪ್ಪು. ಡಿಡಿಆರ್4-3200ರ ಒಂದು ಪಟ್ಟಿ ಸೆಕೆಂಡಿಗೆ 25.6 ಜಿಬಿ ಸಾಗಿಸಬಲ್ಲದು, ಎರಡು ಹಾಕಿದರೆ 51.2. ಹದಿನಾರರ ಒಂದಕ್ಕಿಂತ ಎಂಟರ ಎರಡು ಮೇಲು. ಒಳಗೇ ಗ್ರಾಫಿಕ್ಸ್ ಇರುವ 5600ಜಿಯಂತಹವಕ್ಕಂತೂ ಇದು ಪ್ರಾಣವಾಯು. ಹಾಕಿದ ಮೇಲೆ ಬಯಾಸ್‌ಗೆ ಹೋಗಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬುದನ್ನು ಚಾಲೂ ಮಾಡದಿದ್ದರೆ ವೇಗದ ರ‍್ಯಾಮ್ ಕೂಡ ನಿಧಾನಗತಿಯಲ್ಲೇ ಕೂತಿರುತ್ತದೆ. ವರ್ಷಗಟ್ಟಲೆ ಹಾಗೆಯೇ ಆಡಿದವರನ್ನು ಬಲ್ಲೆ.

ಇಂಟೆಲ್ಲಿನ ಆರ್ಕ್ ಬಿ580 ಕಾರ್ಡಿನ ಬಗ್ಗೆ ಒಂದು ಮಾತು. 2024ರ ಡಿಸೆಂಬರ್‌ನಲ್ಲಿ 249 ಡಾಲರಿಗೆ 12 ಜಿಬಿ ಸ್ಮರಣೆಯೊಂದಿಗೆ ಬಂದ ಇದು ಅಗ್ಗದವರ ಕಣ್ಮಣಿಯಾಯಿತು. ಆದರೆ ಅದರ ಚಾಲಕ ತಂತ್ರಾಂಶ ಪ್ರೊಸೆಸರಿನ ಮೇಲೆ ಹೆಚ್ಚು ಭಾರ ಹೇರುತ್ತದೆಂದು, ರೈಜೆನ್ 5 2600ರಂತಹ ಹಳಬರೊಂದಿಗೆ, ಕೆಲವು ಆಟಗಳಲ್ಲಿ 5600ರೊಂದಿಗೂ ನಿರೀಕ್ಷಿತ ವೇಗ ಬಾರದೆಂದು 2025ರ ಆರಂಭದಲ್ಲಿ ಪರೀಕ್ಷಕರು ತೋರಿಸಿದರು. ಹಳೆಯ ಪ್ಲಾಟ್‌ಫಾರ್ಮ್ ಇದ್ದವರಿಗೆ ರೇಡಿಯಾನ್ ಅಥವಾ ಜಿಫೋರ್ಸ್ ನೆಮ್ಮದಿ.

ಎಸ್.ಪಿ. ರಸ್ತೆಯ ಒಂದು ಮಧ್ಯಾಹ್ನ

ದಾವಣಗೆರೆಯ ಅಂಗಡಿಯವರು ಮೊದಲು ‘ಮಾರಿದ ಮಾಲು ವಾಪಸ್ಸಿಲ್ಲ’ ಎಂದರು. ಭಾವ ಮೂರು ಸಲ ಹೋಗಿ ಕೂತ ಮೇಲೆ ಐದು ಸಾವಿರ ಮುರಿದುಕೊಂಡು ಉಳಿದದ್ದು ಕೊಟ್ಟರು. ಬಿಲ್ ಇಲ್ಲದೆ ಕೊಂಡಿದ್ದರಿಂದ ಹೆಚ್ಚು ವಾದಿಸುವಂತಿರಲಿಲ್ಲ. ‘ಬಿಲ್ ಬ್ಯಾಡ ಅಂದ್ರೆ ಎರಡು ಸಾವಿರ ಕಮ್ಮಿ’ ಎಂಬ ಮಾತಿಗೆ ಅಕ್ಕ ಒಪ್ಪಿದ್ದಳು.

ಆ ಹಣಕ್ಕೆ ಇನ್ನಷ್ಟು ಸೇರಿಸಿ ಆಗಸ್ಟ್‌ನಲ್ಲಿ ಹುಡುಗ ಬೆಂಗಳೂರಿಗೆ ಬಂದ. ಟೌನ್‌ಹಾಲ್ ಬಳಿಯ ಎಸ್.ಪಿ. ರಸ್ತೆಯಲ್ಲಿ, ಅಂದರೆ ಸಾದರ ಪತ್ರಪ್ಪ ರಸ್ತೆಯಲ್ಲಿ, ಇಬ್ಬರೂ ಕಾಗದ ಹಿಡಿದು ನಾಲ್ಕು ಅಂಗಡಿ ಸುತ್ತಿದೆವು. ಅವನಿಗೆ ಎಎಂ5 ಮೇಲೆ ಆಸೆ. ಲೆಕ್ಕ ಹಾಕಿದರೆ ಅದಕ್ಕೆ ಹದಿಮೂರು ಸಾವಿರ ಹೆಚ್ಚು. ಅಷ್ಟನ್ನು ಕಾರ್ಡಿನಿಂದ ಕಿತ್ತರೆ ಆರ್‌ಎಕ್ಸ್ 6600 ಕೈತಪ್ಪುತ್ತಿತ್ತು. ‘ಮಾಮ, ಎರಡು ವರ್ಷಕ್ಕೆ ಇದು ಹಳೇದಾಗೋಲ್ವಾ?’ ಎಂದ. ಆಗುತ್ತದೆ ಎಂದೆ. ಸುಳ್ಳು ಹೇಳಿ ಒಮ್ಮೆ ಕೆಟ್ಟಾಗಿತ್ತು.

ಕೊನೆಗೆ ಉಳಿದದ್ದು 5600 ಮತ್ತು 12400ಎಫ್. ಆ ದಿನ ಮೂರರ ಮೊತ್ತದಲ್ಲಿ ವ್ಯತ್ಯಾಸ ಮುನ್ನೂರು ರೂಪಾಯಿ. ನಾಲ್ಕು ರ‍್ಯಾಮ್ ಗಂಡಿಯ ಬಿ550 ಬೋರ್ಡು ಎದುರಿಗಿತ್ತು, ಇಂಟೆಲ್ ಕಡೆ ಸಿಗುತ್ತಿದ್ದುದು ಎಚ್610. ದಾವಣಗೆರೆಯ ಬೇಸಿಗೆ, ಕಡಿಮೆ ಬಿಸಿ ಎಂಬುದೂ ತೂಕಕ್ಕೆ ಬಂತು. ಹಾಗಾಗಿ 5600. ಬಯಾಸ್ ಹೊಸದಿದೆಯೆಂದು ಅಂಗಡಿಯಲ್ಲೇ ಆನ್ ಮಾಡಿಸಿ ನೋಡಿದೆವು, ಡಬ್ಬಿಯ ಮೇಲಿನ ಸಂಖ್ಯೆ ಬಿಲ್ಲಿನಲ್ಲಿ ಬರೆಸಿದೆವು. ಎಂಟರ ಎರಡು ರ‍್ಯಾಮ್, 500 ಜಿಬಿ ಎಸ್‌ಎಸ್‌ಡಿ, ವಾರಂಟಿಯುಳ್ಳ 550 ವ್ಯಾಟ್ ಪವರ್ ಸಪ್ಲೈ. ಇದೊಂದರಲ್ಲಿ ಮಾತ್ರ ಚೌಕಾಶಿ ಮಾಡಬಾರದು, ಅದು ಸುಟ್ಟರೆ ಪಕ್ಕದಲ್ಲಿದ್ದವರನ್ನೂ ಕರೆದುಕೊಂಡು ಹೋಗುತ್ತದೆ. ಪೆಟ್ಟಿಗೆ ಸಾದಾ, ದೀಪವಿಲ್ಲ. ಒಟ್ಟು ಐವತ್ತೆರಡು ಸಾವಿರ, ಬಿಲ್ ಸಮೇತ. ಮಾನಿಟರು ಮನೆಯಲ್ಲಿದ್ದದ್ದೇ.

ರಾತ್ರಿ ಬಸ್ಸಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡೇ ಹೋದ. ಮರುದಿನ ಮಧ್ಯಾಹ್ನ ಅಕ್ಕನ ಕರೆ: ‘ಬೆಳಗ್ಗೆಯಿಂದ ಊಟಕ್ಕೂ ಎದ್ದಿಲ್ಲ ನಿನ್ನ ಅಳಿಯ. ಇದನ್ನ ವಾಪಸ್ ತಗೊಳ್ತಾರಾ ಕೇಳು.’ ದೀಪಾವಳಿಗೆ ಹೋದಾಗ ಭಾವ ಆ ಹಳೆಯ ಅಂಗಡಿಯ ಮುಂದೆ ಸ್ಕೂಟರ್ ನಿಲ್ಲಿಸಿ ತೋರಿಸಿದರು. ಗಾಜಿನ ಪೆಟ್ಟಿಗೆ ಬಣ್ಣಬಣ್ಣದ ದೀಪ ಉರಿಸುತ್ತ ಕೂತಿತ್ತು. ‘ಐ7, 16 ಜಿಬಿ’ ಎಂಬ ಚೀಟಿಯ ಕೆಳಗೆ ಬೆಲೆ ಇಪ್ಪತ್ತೊಂಬತ್ತು ಸಾವಿರವಾಗಿತ್ತು.